ರೈಲು ಬಂದ ಮ್ಯಾಲೆ

ಕೊಟ್ಟೂರಿನಲ್ಲಿ ಹಳಿ ಮುಗಿಯುತ್ತಿತ್ತು. ಮುಗಿಯುವುದೆಂದರೆ ಕಣ್ಣಿಗೆ ಕಾಣುವ ಹಾಗೆ ಮುಗಿಯುವುದು. ಸ್ಟೇಷನ್ ದಾಟಿ ಒಂದಿಷ್ಟು ದೂರ ನಡೆದರೆ ಎರಡೂ ಕಂಬಿಗಳು ಒಂದು ಮಣ್ಣಿನ ದಿಬ್ಬಕ್ಕೆ ಮೂತಿ ಹಚ್ಚಿ ನಿಂತುಬಿಟ್ಟಿದ್ದವು. ದಿಬ್ಬದ ಆಚೆ ಜಾಲಿಗಿಡ, ಜಾಲಿಯ ಆಚೆ ಶೇಂಗಾ ಹೊಲ, ಆ ಹೊಲಗಳನ್ನೆಲ್ಲ ದಾಟಿದ ಮೇಲೆ ಎಲ್ಲೋ ನಮ್ಮೂರು, ಹರಪನಹಳ್ಳಿ. ನಮ್ಮೂರಿಗೆ ರೈಲಿರಲಿಲ್ಲ. ಎಪ್ಪತ್ತರ ದಶಕದಲ್ಲಿ ರೈಲು ನೋಡಬೇಕೆಂದರೆ ಬಸ್ಸು ಹತ್ತಿ ಕೊಟ್ಟೂರಿಗೆ ಹೋಗಬೇಕಿತ್ತು.

ನಾನು ಹೋಗುತ್ತಿದ್ದೆ. ಅಪ್ಪನ ಅಕ್ಕ, ನನ್ನ ಅತ್ತಿ, ಸ್ಟೇಷನ್ನಿನ ಹಿಂದಿನ ಓಣಿಯಲ್ಲಿದ್ದಳು. ಗಂಡ ತೀರಿಕೊಂಡ ಮೇಲೆ ಶೇಂಗಾ ಮಿಲ್ಲಿನಲ್ಲಿ ಬೀಜ ಆರಿಸುವ ಕೆಲಸ ಹಿಡಿದು ತನ್ನ ಹೊಟ್ಟೆ ತಾನು ನೋಡಿಕೊಂಡವಳು. ಅವಳ ಮನೆಯಲ್ಲಿ ಗಡಿಯಾರ ಇರಲಿಲ್ಲ, ಬೇಕಾಗಿಯೂ ಇರಲಿಲ್ಲ. ಹೊಸಪೇಟೆಯಿಂದ ಗಾಡಿ ಬಂದರೆ ಒಲೆ ಹಚ್ಚುವಳು, ಅದು ತಿರುಗಿ ಹೊರಟರೆ ಮಿಲ್ಲಿಗೆ ಹೊರಡುವಳು. ಇಂಜಿನ್ನುಗಳನ್ನು ಕೂಗಿನಿಂದಲೇ ಗುರುತು ಹಿಡಿಯುತ್ತಿದ್ದಳು. ಒಂದು ಇಂಜಿನ್ನಿನ ಗಂಟಲು ಕಟ್ಟಿದ ಹಾಗಿತ್ತು. ಅದು ಕೂಗಿತೋ ಇಲ್ಲವೋ, "ನೋಡಲ್ಲಿ, ಇವತ್ತು ನೆಗಡಿ ಇಂಜಿನ್ ಬಂದೈತಿ" ಎನ್ನುತ್ತಿದ್ದಳು. ಒಂದು ರಜೆ ಮುಗಿಯುವುದರೊಳಗೆ ನಾನೂ ಕಲಿತೆ. ನೆಗಡಿದು ಒಂದು, ಸೊಟ್ಟ ಚಿಮಣಿದು ಒಂದು, ಬರುವಾಗಲೇ ಬುಸುಗುಟ್ಟುವ ಸಿಟ್ಟಿನದು ಇನ್ನೊಂದು.

ಗಾಡಿ ಬಂದು ನಿಂತ ಮೇಲಿನ ಆಟ ನೋಡುವುದಕ್ಕೇ ನಾನು ಅಲ್ಲಿಗೆ ಓಡುತ್ತಿದ್ದದ್ದು. ಇಂಜಿನ್ನನ್ನು ಡಬ್ಬಿಗಳಿಂದ ಬಿಚ್ಚುವರು. ಅದು ಒಂಟಿಯಾಗಿ, ಮದುವೆ ಮನೆಯಿಂದ ಎದ್ದು ಬಂದ ದೊಡ್ಡ ಮನುಷ್ಯರ ಹಾಗೆ, ನಿಧಾನಕ್ಕೆ ನೀರಿನ ಕಂಬದ ಹತ್ತಿರ ಹೋಗುವುದು. ಸೊಂಡಿಲಿನಂಥ ಕೊಳವೆ ತಿರುಗಿಸಿ ಅದರ ಹೊಟ್ಟೆ ತುಂಬಾ ನೀರು ಕುಡಿಸುವರು. ಕುಡಿದಾದ ಮೇಲೆ ಪಕ್ಕದ ಹಳಿಯಲ್ಲಿ ಹಾದು ಗಾಡಿಯ ಇನ್ನೊಂದು ತುದಿಗೆ ಬಂದು ಸೇರುವುದು. ಆಗ ಬಾಲವಿದ್ದ ಕಡೆ ತಲೆ, ತಲೆಯಿದ್ದ ಕಡೆ ಬಾಲ. ಕೊಟ್ಟೂರಿನವರಿಗೆ ಇದು ಗೊತ್ತು. ನಮ್ಮೂರ ಮಂದಿ ಮಾತ್ರ ಗಾಡಿ ಬಂದ ಕೂಡಲೇ ಓಡಿ ಕಿಟಕಿಯಲ್ಲಿ ಟವೆಲ್ ಎಸೆದು, ಇಂಜಿನ್ ನಿಂತ ಕಡೆ ಮುಖ ಮಾಡಿ ಜಂಬದಿಂದ ಕುಳಿತುಬಿಡುತ್ತಿದ್ದರು. ಗಾಡಿ ಹೊರಟರೆ ಬೆನ್ನು ಮುಂದಾಗಿ ಹೋಗುವರು. ಅತ್ತಿ ಕಿಟಕಿಗಳನ್ನು ಹೊರಗಿನಿಂದ ನೋಡಿಯೇ ಹೇಳುತ್ತಿದ್ದಳು: "ಅಕಾ ಅವರು ಹರಪನಹಳ್ಳಿಯವರು. ಅಕಾ ಅವರೂನು."

ಹೆಣ್ಣುಹುಡುಗಿಯೊಂದು ದಿನಾ ಬಂದು ಇಂಜಿನ್ ನೋಡುತ್ತಾ ನಿಲ್ಲುವುದು ಅಲ್ಲಿಯ ಚಹಾದ ಅಂಗಡಿಯವನಿಗೆ ತಮಾಷೆಯಾಗಿತ್ತು.

"ಏನವ್ವ, ಡ್ರೈವರ್ ಆಕ್ಕಿಯೇನು?"

ಅತ್ತಿ ನನ್ನ ಪರವಾಗಿ ಉತ್ತರ ಕೊಟ್ಟಳು. "ಆಕ್ಕಾಳ. ಟಿಕೆಟ್ ಇಲ್ಲದ ನೀ ಹೊಸಪೇಟಿಗೆ ಹೋಗ್ತೀಯಲ್ಲ, ನಡು ಹಾದ್ಯಾಗ ಇಳಸ್ತಾಳ."

ನಾನು ಮೊದಲ ಸಲ ರೈಲು ಹತ್ತಿದ್ದು ಹೈಸ್ಕೂಲಿನಲ್ಲಿದ್ದಾಗ, ಅತ್ತಿಯ ಜೊತೆಗೇ, ಹೊಸಪೇಟೆಗೆ. ಅವಳು ನನ್ನನ್ನು ಸರಿಯಾದ ದಿಕ್ಕಿನ ಕಿಟಕಿಗೆ ಕೂರಿಸಿದಳು. ಮಾಲವಿ ಬಂತು, ಹಗರಿಬೊಮ್ಮನಹಳ್ಳಿ ಬಂತು. ಬಸ್ಸಿನಲ್ಲಿ ಊರುಗಳು ಮುಖ ತೋರಿಸುತ್ತವೆ, ರೈಲಿನಲ್ಲಿ ಬೆನ್ನು ತೋರಿಸುತ್ತವೆ ಎಂದು ಅವತ್ತು ಗೊತ್ತಾಯಿತು. ಹಿತ್ತಲು, ಬಚ್ಚಲು, ಒಣಹಾಕಿದ ಕೌದಿ, ತಿಪ್ಪೆಯ ಮೇಲೆ ಕೋಳಿ, ಹಲ್ಲುಜ್ಜುತ್ತಾ ನಿಂತು ನಮ್ಮನ್ನೇ ನೋಡುವ ಮುದುಕ. ಮರಿಯಮ್ಮನಹಳ್ಳಿ ದಾಟಿ ಗುಡ್ಡಗಳು ಕೆಂಪಗಾಗುತ್ತಾ ಬಂದವು. ಒಂದು ತಿರುವಿನಲ್ಲಿ ಅತ್ತಿ ನನ್ನ ತಲೆ ಹಿಡಿದು ಹೊರಗೆ ತಿರುಗಿಸಿದಳು. ನಮ್ಮದೇ ಗಾಡಿ ಮುಂದೆ ಬಾಗಿ ಹೋಗುತ್ತಿತ್ತು. ಇಂಜಿನ್ನು, ಹೊಗೆ, ಕಲ್ಲಿದ್ದಲು ಎತ್ತಿ ಹಾಕುವವನ ಮೊಣಕೈ, ಎಲ್ಲ ಕಾಣುತ್ತಿತ್ತು. ನಾನು ಕೂತ ರೈಲನ್ನು ನಾನೇ ನೋಡಿದೆ. ಆಮೇಲೆ ಡ್ಯಾಮಿನ ಹಿನ್ನೀರು ಬಂತು. ಬಯಲುಸೀಮೆಯ ಹುಡುಗಿಗೆ ಅಷ್ಟು ನೀರು ಒಂದೇ ಕಡೆ ಇರಬಹುದೆಂದು ಯಾರೂ ಹೇಳಿರಲಿಲ್ಲ. ಕಣ್ಣಿಗೆ ಇದ್ದಲಿನ ಕಸ ಬಿದ್ದು ನೀರು ಸುರಿಯುತ್ತಿತ್ತು, ಆದರೂ ಮುಖ ಒಳಗೆ ತೆಗೆದುಕೊಳ್ಳಲಿಲ್ಲ.

ಹೊಸಪೇಟೆಯಲ್ಲಿ ಸ್ಟೇಷನ್ನಿನಿಂದ ಹೊರಗೆ ಬರುವಾಗ, ಪುಸ್ತಕ ಎದೆಗವಚಿಕೊಂಡ ಹುಡುಗಿಯರ ಗುಂಪೊಂದು ನಗುತ್ತಾ ಒಳಗೆ ಬರುತ್ತಿತ್ತು. ಯಾರು ಎಂದು ಕೇಳಿದೆ. "ಕಾಲೇಜಿನವು" ಎಂದಳು ಅತ್ತಿ. ನಾನು ಅವತ್ತೇ ನಿಶ್ಚಯ ಮಾಡಿದೆ.

ಇನ್ನು ಅಪ್ಪನ ವಿಷಯ. ಅಪ್ಪ ಹರಪನಹಳ್ಳಿ ಬಸ್ ಸ್ಟ್ಯಾಂಡಿನಲ್ಲಿ ಒಂದು ಖಾಸಗಿ ಬಸ್ಸಿನ ಏಜೆಂಟ್. ಬಸ್ಸಿಗೆ ಮಂದಿ ಕೂಗಿ ಕರೆಯುವುದು, ಕೂರಿಸುವುದು, ಸೀಟಿಗಾಗಿ ಜಗಳವಾದರೆ ಬಿಡಿಸುವುದು ಅವನ ಕೆಲಸ. "ಕೊಟ್ಟೂರ್ ಕೊಟ್ಟೂರ್ ಕೊಟ್ಟೂರ್, ಕೂಡ್ಲಿಗೀ" ಎಂದು ಅವನು ಕೂಗಿದರೆ ಸಂತೆಯ ಆ ತುದಿಯಲ್ಲಿದ್ದವರು ಚೀಲ ಎತ್ತಿಕೊಳ್ಳುತ್ತಿದ್ದರು. ಅವನ ಮಾತಿಗೆ ನಗದವರಿರಲಿಲ್ಲ. ಮನೆಯಲ್ಲಿ ಕಡಿಮೆ ಮಾತು. ಮಾತೆಲ್ಲ ಸ್ಟ್ಯಾಂಡಿನಲ್ಲೇ ಖರ್ಚಾಗುತ್ತಿತ್ತು.

ನಾನು ಹತ್ತನೆಯ ತರಗತಿ ಪಾಸಾದೆ. ನಮ್ಮ ವಂಶದಲ್ಲಿ ಗಂಡಾಗಲಿ ಹೆಣ್ಣಾಗಲಿ ಅಲ್ಲಿಯವರೆಗೆ ಯಾರೂ ಆ ಗಡಿ ಮುಟ್ಟಿರಲಿಲ್ಲ. ಅಪ್ಪ ಬಸ್ ಸ್ಟ್ಯಾಂಡಿಗೆಲ್ಲ ಮಂಡಕ್ಕಿ ಮೆಣಸಿನಕಾಯಿ ಹಂಚಿದ. ಆ ಸಂಜೆ ಅವನು ಉಂಡು ಎಲೆಯಡಿಕೆ ಹಾಕಿಕೊಳ್ಳುವಾಗ ಹತ್ತಿರ ಕೂತು ಕೇಳಿದೆ.

"ಅಪ್ಪ, ಪಿಯುಸಿ ಇಲ್ಲೇ ಓದ್ತೀನಿ. ಆಮ್ಯಾಲೆ ಬಿ.ಎಸ್ಸಿ.ಗೆ ಹೊಸಪೇಟಿಗೆ ಕಳಸ್ತೀಯಾ?"

"ಹೊಸಪೇಟಿಗಾ? ಕಳಸ್ತೀನಿ ಬಿಡು. ರೈಲು ಬಂದ ಮ್ಯಾಲೆ ಕಳಸ್ತೀನಿ."

"ಖರೇನಾ?"

"ಖರೇನ. ನಿನಗ ಕಿಟಕಿ ಸೀಟ."

ಅವ್ವ ಒಳಗೆ ಪಾತ್ರೆ ತೊಳೆಯುತ್ತಿದ್ದವಳು ಒಂದು ಕ್ಷಣ ಕೈ ನಿಲ್ಲಿಸಿದಳು, ಮತ್ತೆ ತೊಳೆದಳು. ಅದನ್ನು ನಾನು ಕೇಳಿಸಿಕೊಂಡೆ, ಅರ್ಥ ಮಾಡಿಕೊಳ್ಳಲಿಲ್ಲ.

ನಂಬಲು ನನಗೆ ಕಾರಣವಿತ್ತು. ಅದೇ ಸುಮಾರಿಗೆ ಕೊಟ್ಟೂರಿನ ಹಳಿಯನ್ನು ನಮ್ಮೂರ ಮೇಲೆ ಹಾಯಿಸಿ ಹರಿಹರಕ್ಕೆ ಕೂಡಿಸುತ್ತಾರೆಂದು ಊರೆಲ್ಲ ಸುದ್ದಿ. ಯಾರೋ ಬಂದು ಮೂರು ಕಾಲಿನ ದುರ್ಬೀನು ನಿಲ್ಲಿಸಿ ಹೊಲಗಳಲ್ಲಿ ಅಳತೆ ಮಾಡಿ, ಬಿಳಿ ಬಣ್ಣ ಬಳಿದ ಕಲ್ಲು ನೆಟ್ಟು ಹೋಗಿದ್ದರು. ಕೊಟ್ಟೂರಿಗೆ ಹೋಗುವಾಗೆಲ್ಲ ಬಸ್ಸಿನ ಕಿಟಕಿಯಿಂದ ನಾನು ಆ ಕಲ್ಲುಗಳನ್ನು ಹುಡುಕುತ್ತಿದ್ದೆ. ಒಂದರ ಮೇಲೆ ಕುರಿಗಾರನೊಬ್ಬ ಕಂಬಳಿ ಹೊದ್ದು ಕೂತಿರುತ್ತಿದ್ದ. ಪಾಪ, ರೈಲು ಬಂದರೆ ಇವನು ಎಲ್ಲಿ ಕೂರುತ್ತಾನೆ ಎಂದು ನನಗೆ ಚಿಂತೆ. ಎರಡು ವರ್ಷ ಹೀಗೇ. ಗೆಳತಿಯರಿಗೆಲ್ಲ ಹೇಳಿದ್ದೆ, ರೈಲು ಬಂದ ಮೇಲೆ ನಾನು ಹೊಸಪೇಟೆ ಕಾಲೇಜಿಗೆ ಹೋಗುತ್ತೇನೆಂದು. ಅವರು ಮುಸಿಮುಸಿ ನಗುತ್ತಿದ್ದರು. ಹೊಟ್ಟೆಕಿಚ್ಚು ಎಂದುಕೊಂಡೆ.

ಪಿಯುಸಿ ಪರೀಕ್ಷೆ ಮುಗಿದು ಫಲಿತಾಂಶವೂ ಬಂತು. ಒಳ್ಳೆಯ ಅಂಕಗಳೇ. ಹಳಿ ಇನ್ನೂ ಬಂದಿರಲಿಲ್ಲ, ಆದರೆ ಒಂದೆರಡು ವರ್ಷಕ್ಕೆ ಬಂದೇ ಬರುತ್ತದೆ, ಅಲ್ಲಿಯವರೆಗೆ ಕೊಟ್ಟೂರಿಗೆ ಬಸ್ಸಿನಲ್ಲಿ ಹೋಗಿ ರೈಲು ಹತ್ತಿದರಾಯಿತು ಎಂದು ನಾನೇ ದಾರಿ ಹುಡುಕಿಕೊಂಡಿದ್ದೆ. ಅಪ್ಪನಿಗೆ ಅದನ್ನೇ ಹೇಳಬೇಕೆಂದು ಒಂದು ಮಧ್ಯಾಹ್ನ ಅವನ ಬುತ್ತಿ ತೆಗೆದುಕೊಂಡು ಬಸ್ ಸ್ಟ್ಯಾಂಡಿಗೆ ಹೋದೆ.

ಕೂಡ್ಲಿಗಿ ಕಡೆಯ ಬಸ್ಸು ನಿಂತಿತ್ತು. ಬಾಗಿಲಲ್ಲಿ ಒಬ್ಬ ಮುದುಕ, ಬಗಲಲ್ಲಿ ಕುರಿಮರಿ. ಮರಿಗೆ ಟಿಕೆಟ್ ತೆಗೆಯಬೇಕೋ ಬೇಡವೋ ಎಂದು ವಾದ ನಡೆದಿತ್ತು.

"ತೊಡಿ ಮ್ಯಾಲೆ ಕುಂದ್ರಿಸ್ಕೊಂತೀನ್ರಿ, ಅದಕ್ಯಾಕ ಟಿಕೀಟು?" ಎಂದು ಮುದುಕ.

"ತೊಡಿ ಮ್ಯಾಲೆ ಯಾಕ ಯಜಮಾನ," ಎಂದ ಅಪ್ಪ. "ನಿನ್ನ ಮರೀಗೆ ಬ್ಯಾರೆ ಸೀಟ ಕೊಡ್ತೀನಿ. ಕಿಟಕಿ ಸೀಟ. ಟಿಕೀಟೂ ಬ್ಯಾಡ."

ಮುದುಕ ನಂಬದೆ ಅವನ ಮುಖ ನೋಡಿದ. "ಯಾವಾಗ್ರಿ?"

"ರೈಲು ಬಂದ ಮ್ಯಾಲೆ."

ಬಸ್ಸಿಗೆ ಬಸ್ಸೇ ನಕ್ಕಿತು. ಕ್ಲೀನರ್ ಏಣಿಯ ಮೇಲಿಂದ ನಕ್ಕ, ಕಂಡಕ್ಟರ್ ನಕ್ಕ, ಕೊನೆಗೆ ಮುದುಕನೂ ನಕ್ಕ. ಮುಂದಿನ ಸೀಟಿನ ಹೆಂಗಸು ಪಕ್ಕದವಳಿಗೆ, "ನಮ್ಮ ಯಜಮಾನ್ರೂ ಹಂಗ, ಬಂಗಾರ ಕೇಳಿದ್ರ ರೈಲು ಬರಲಿ ಅಂತಾರ" ಎಂದಳು. ಅದು ಎಲ್ಲರಿಗೂ ಗೊತ್ತಿದ್ದ ಮಾತು. ನಮ್ಮೂರಿನಲ್ಲಿ "ರೈಲು ಬಂದ ಮ್ಯಾಲೆ" ಎಂದರೆ "ಎಂದಿಗೂ ಇಲ್ಲ" ಎಂದರ್ಥ. ಇಲ್ಲ ಎಂದು ಮುಖಕ್ಕೆ ಹೇಳಲಾಗದವರಿಗೆ ಹಾಗೆ ಹೇಳುವುದು ರೂಢಿ. ಊರಿಗೆ ಊರೇ ತಿಳಿದಿದ್ದ ಅರ್ಥ, ಪಿಯುಸಿ ಪಾಸಾದ ನನ್ನೊಬ್ಬಳಿಗೆ ತಿಳಿದಿರಲಿಲ್ಲ. ಎರಡು ವರ್ಷದ ಹಿಂದೆ ಅಪ್ಪ ನನಗೆ ಹೇಳಿದ್ದೂ, ಈಗ ಕುರಿಮರಿಗೆ ಹೇಳಿದ್ದೂ ಒಂದೇ. ಕಿಟಕಿ ಸೀಟು ಸಹಿತ.

ಅಪ್ಪ ತಿರುಗಿ ನನ್ನನ್ನು ನೋಡಿದ. ನಗು ಅರ್ಧಕ್ಕೆ ನಿಂತಿತು. ಬುತ್ತಿಯನ್ನು ಅವನ ಕೈಗೆ ಕೊಟ್ಟೆ, ಬಂದೆ.

ಮನೆಗೆ ಬಂದು ಅವ್ವನನ್ನು ಕೇಳಿದೆ. ಅವಳು ಬಚ್ಚಲ ಮುಂದಿನ ಕಲ್ಲಿನ ಮೇಲೆ ಬಟ್ಟೆ ಒಗೆಯುತ್ತಿದ್ದಳು.

"ನಿನಗ ಗೊತ್ತಿತ್ತೇನು?"

ಅವಳು ಒಗೆಯುವುದನ್ನು ಬಿಡಲಿಲ್ಲ. "ನೀ ಶಾಣ್ಯಾಕಿ, ನಿನಗ ತಿಳೀತೈತಿ ಅನ್ಕೊಂಡಿದ್ದೆ. ಈ ಕಲ್ಲು ಎಲ್ಲಿಂದ ಬಂತು ಒಂದ್ಸಲನಾರ ಕೇಳೀಯೇನು?"

ಬಗ್ಗಿ ನೋಡಿದೆ. ಕಲ್ಲಿನ ಅಡಿಭಾಗದಲ್ಲಿ, ಸೋಪಿನ ನೀರು ತಾಕದ ಕಡೆ, ಬಿಳಿ ಬಣ್ಣ ಉಳಿದಿತ್ತು. ಅಪ್ಪನೇ ಕ್ಲೀನರನ ಜೊತೆ ಸೇರಿ ಹೊಲದಿಂದ ಕಿತ್ತು, ಬಸ್ಸಿನ ಮೇಲೆ ಹಾಕಿ ತಂದಿದ್ದನಂತೆ. ಅವ್ವನಿಗೆ ಒಗೆಯಲು ಕಲ್ಲು ಬೇಕಿತ್ತು. ರೈಲಿನ ಗುರುತಿನ ಕಲ್ಲಿನ ಮೇಲೆ ನನ್ನ ಕಾಲೇಜಿನ ಲಂಗ ದಾವಣಿ ಇಷ್ಟು ದಿನ ಒಗೆಸಿಕೊಂಡಿದ್ದವು. ರೈಲು ಬರುತ್ತದೆಂದು ನಂಬಿದವನು ಅದರ ಕಲ್ಲು ಕೀಳುತ್ತಾನೆಯೇ?

ಅಪ್ಪ ಬಂದ ಮೇಲೆ ಎದುರಿಗೆ ನಿಂತೆ. ಅಳಬಾರದೆಂದು ಮೊದಲೇ ಮನಸ್ಸು ಗಟ್ಟಿ ಮಾಡಿಕೊಂಡಿದ್ದೆ.

"ಕಳಸ್ತೀನಿ ಅಂತ ಮಾತು ಕೊಟ್ಟಿದ್ದಿ."

"ಅಯ್ಯ, ಅದು ಮಾತಿಗೆ ಅಂದದ್ದವ್ವ" ಎಂದ ಅಪ್ಪ, ಚಪ್ಪಲಿ ಬಿಡುತ್ತಾ. "ಆವತ್ತು ಸಂತೋಷದಾಗಿದ್ದೆ. ನಿನ್ನ ಮನಸ್ಸು ಯಾಕ ಮುರೀಬೇಕು ಅಂತ ಮಾತಿಗೆ ಅಂದೆ."

"ಬಸ್ಸಾದ್ರೂ ಐತೆಲ್ಲಪ್ಪ. ನಿನ್ನ ಬಸ್ಸ."

"ಬಸ್ಸಿನ್ಯಾಗ ಏನೇನು ನಡೀತೈತಿ ನನಗ ಗೊತ್ತೈತಿ, ಅದಕ್ಕ ಬ್ಯಾಡ ಅನ್ನೋದು. ಮತ್ತ ಹಡಗಲಿ ಕಡ್ಯೋರು ನಿನ್ನ ನೋಡಾಕ ಬರ್ತಾರ. ಅವರದೂ ಬಸ್ಸೈತಿ. ಅವರಿಗೆ ನಾ ಮಾತು ಕೊಟ್ಟೀನಿ."

ಆ ಎರಡು ಮಾತುಗಳನ್ನು ಅವನು ಒಂದರ ಹಿಂದೆ ಒಂದು ಆಡಿದ, ಆಡಿದ್ದು ತನಗೇ ಕೇಳಿಸಲಿಲ್ಲ. ಹಡಗಲಿಯವರಿಗೆ ಕೊಟ್ಟಿದ್ದು ಮಾತು. ನನಗೆ ಅಂದಿದ್ದು ಮಾತಿಗೆ. ಹೊಡೆದಿದ್ದರೆ ಮರೆಯುತ್ತಿದ್ದೆನೋ ಏನೋ. ನೀನು ಓದಬಾರದು ಎಂದು ಹತ್ತನೆಯ ತರಗತಿಯಲ್ಲೇ ಹೇಳಿದ್ದರೆ ಅವತ್ತೇ ಅತ್ತು, ಜಗಳ ಮಾಡಿ, ಏನಾದರೂ ಒಂದು ಮಾಡುತ್ತಿದ್ದೆ. ನಗುನಗುತ್ತಾ ಹೂಂ ಎಂದು ಎರಡು ವರ್ಷ ಕಲ್ಲು ಹುಡುಕುವಂತೆ ಮಾಡಿದ್ದನ್ನು ಏನು ಮಾಡಲಿ?

ಹಡಗಲಿಯವರು ಬಂದರು. ಹುಡುಗ ಬಂದಿರಲಿಲ್ಲ, ಅವನ ದೊಡ್ಡಪ್ಪ, ಇಬ್ಬರು ಹಿರಿಯರು, ಒಬ್ಬ ಹೆಂಗಸು. ಅತ್ತಿಯೂ ಕೊಟ್ಟೂರಿನಿಂದ ಬಂದಿದ್ದಳು, ಸೋದರತ್ತೆ ಇರಲೇಬೇಕಲ್ಲ. ಒಳಗೆ ನನ್ನ ಜಡೆ ಹಾಕುತ್ತಾ, "ಯಾಕ ಮಾರಿ ಹಿಂಗ ಮಾಡೀ?" ಎಂದಳು. ಎಲ್ಲ ಹೇಳಿದೆ. ಅವಳು ಕೂದಲು ಹಿಡಿದವಳು ಹಿಡಿದ ಹಾಗೆಯೇ ಕೇಳಿಸಿಕೊಂಡಳು. "ನನ್ನ ತಮ್ಮ ಸಣ್ಣಾವಿದ್ದಾಗಿಂದ ಹಂಗ" ಎಂದಳು. "ಇಲ್ಲ ಅಂತ ಹೇಳಾಕ ಅಂಜಿಕಿ, ಹೂಂ ಅಂತ ಹೇಳಿ ಮಾಡಾಕ ಮೈಗಳ್ಳತನ." ಅಷ್ಟೇ. ಜಡೆ ಮುಗಿಸಿದಳು.

ನಾನು ಚಹಾ ತಟ್ಟೆ ತೆಗೆದುಕೊಂಡು ಪಡಸಾಲೆಗೆ ಹೋದೆ. ಕೇಳಬೇಕಾದ್ದನ್ನೆಲ್ಲ ಅವರು ಕೇಳಿದರು, ರೊಟ್ಟಿ ಬಡಿಯಲು ಬರುತ್ತದೋ, ಓದಲು ಕನ್ನಡಕ ಬೇಕಾಗುತ್ತದೋ. ದೊಡ್ಡಪ್ಪ ಒಳ್ಳೆಯ ಮನುಷ್ಯನಂತೆ ಕಂಡ. ಚಹಾ ಕುಡಿದು ಬಟ್ಟಲು ಕೆಳಗಿಟ್ಟು, "ನಮಗೆಲ್ಲ ಒಪ್ಪಿಗಿ ಐತಿ. ಯಾವಾಗ ಇಟ್ಕೊಳ್ಳೋಣು?" ಎಂದು ಅಪ್ಪನನ್ನು ಕೇಳಿದ.

"ನೀವು ಯಾವಾಗ ಅಂತೀರಿ ಆವಾಗ" ಎಂದ ಅಪ್ಪ.

"ರೈಲು ಬಂದ ಮ್ಯಾಲೆ ಇಟ್ಕೊಳ್ಳೋಣ್ರಿ" ಎಂದೆ ನಾನು.

ತಟ್ಟೆ ಕೈಯಲ್ಲೇ ಇತ್ತು. ಜೋರಾಗಿ ಹೇಳಲಿಲ್ಲ, ಬಸ್ಸಿನ ಹೊತ್ತು ಹೇಳಿದ ಹಾಗೆ ಹೇಳಿದೆ. ದೊಡ್ಡಪ್ಪ ಮೊದಲು ನನ್ನ ಮುಖ ನೋಡಿದ, ಆಮೇಲೆ ಅಪ್ಪನದು. ಹೆಗಲ ಮೇಲಿನ ಟವೆಲ್ ಸರಿ ಮಾಡಿಕೊಂಡು ಎದ್ದ.

"ತಿಳೀತು ಬಿಡ್ರಿ. ನಾವೂ ಬಸ್ಸಿನ ಮಂದೀನ ಅದೀವಿ."

ಅವರು ಹೋದ ಮೇಲೆ ಅಪ್ಪ ಕಂಬಕ್ಕೆ ಒರಗಿ ನಿಂತಿದ್ದ. "ನಾಕು ಮಂದ್ಯಾಗ ನನ್ನ ಮಾತು ಮಣ್ಣು ಮಾಡಿದಿ" ಎಂದ.

ಅತ್ತಿ ಚಹಾದ ಬಟ್ಟಲುಗಳನ್ನು ಒಂದರ ಮೇಲೊಂದು ಜೋಡಿಸುತ್ತಿದ್ದಳು. "ಹೋಗ್ಲಿ ಬಿಡೋ ತಮ್ಮ. ಹುಡುಗಿ ಮಾತಿಗೆ ಅಂದಾಳ" ಎಂದಳು. ಆಮೇಲೆ ನನ್ನ ಕಡೆ ತಿರುಗಿ, "ಬಟ್ಟಿ ಕಟ್ಕೋ. ರೈಲು ಇಲ್ಲಿಗೆ ಬರಾಂಗಿಲ್ಲ. ನೀನ ರೈಲಿನೂರಿಗೆ ನಡಿ."

ಮರುದಿನ ಬೆಳಿಗ್ಗೆ ನಾವಿಬ್ಬರೂ ಸ್ಟ್ಯಾಂಡಿಗೆ ಹೋದೆವು. ಕೊಟ್ಟೂರಿನ ಬಸ್ಸು ಅಪ್ಪನ ಬಸ್ಸೇ. ಅವನು ಬಾಗಿಲ ಹತ್ತಿರ ನಿಂತು ಕೂಗುತ್ತಿದ್ದ. ನಾನು ಅವನ ಕೈಯ ಅಡಿಯಲ್ಲೇ ಹಾದು ಹತ್ತಿದೆ. ಅವನು ನೋಡಲಿಲ್ಲ, ನಿಲ್ಲು ಎನ್ನಲಿಲ್ಲ, ಹೋಗು ಎನ್ನಲಿಲ್ಲ. "ಕೊಟ್ಟೂರ್ ಕೊಟ್ಟೂರ್ ಕೊಟ್ಟೂರ್" ಎಂದು ಇನ್ನೂ ಎತ್ತರಿಸಿ ಕೂಗಿದ. ಬಸ್ಸಿನಲ್ಲಿ ಸೀಟು ಆಗಲೇ ತುಂಬಿತ್ತು, ಇನ್ನು ಕೂಗುವ ಅಗತ್ಯವೇ ಇರಲಿಲ್ಲ.

ಹೊಸಪೇಟೆಯಲ್ಲಿ ಹಾಸ್ಟೆಲ್ಲು ಸಿಕ್ಕಿತು, ಬಿ.ಎಸ್ಸಿ.ಗೆ ಸೇರಿದೆ. ಶನಿವಾರ ರೈಲಿನಲ್ಲಿ ಅತ್ತಿಯ ಮನೆಗೆ, ಮತ್ತೆ ರೈಲಿನಲ್ಲೇ ವಾಪಸು. ಆ ಪ್ರಯಾಣಗಳಷ್ಟು ಸುಖ ನನಗೆ ಇನ್ಯಾವುದೂ ಕೊಟ್ಟಿಲ್ಲ. ತೊಡೆಯ ಮೇಲೆ ಪುಸ್ತಕ ತೆರೆದೇ ಇರುತ್ತಿತ್ತು, ಓದುತ್ತಿದ್ದದ್ದು ಮಾತ್ರ ಕಿಟಕಿಯನ್ನು. ಮಳೆಗಾಲ ಕಳೆದ ಮೇಲೆ ಹಿನ್ನೀರು ಹಳಿಯತ್ತ ಸರಿದು ಬರುವುದು, ಬೇಸಿಗೆಗೆ ಅದು ಹಿಂದೆ ಸರಿದು ಮಂದಿ ಅಲ್ಲಿ ಕಲ್ಲಂಗಡಿ ಹಾಕುವುದು, ಹಂಪಾಪಟ್ಟಣದ ಹತ್ತಿರ ಸೂರ್ಯಕಾಂತಿ ಹೊಲ ಗಾಡಿಗೆ ಬೆನ್ನು ಕೊಟ್ಟು ನಿಲ್ಲುವುದು, ಎಲ್ಲ ನನಗೆ ಬಾಯಿಪಾಠ. ನೆಗಡಿ ಇಂಜಿನ್ನಿನ ಗಂಟಲು ಕೊನೆಯವರೆಗೂ ಸರಿಹೋಗಲಿಲ್ಲ. ಚಹಾದ ಅಂಗಡಿಯವನು ಈಗ "ಏನವ್ವ ಡ್ರೈವರಮ್ಮ" ಎನ್ನುತ್ತಿದ್ದ.

ಆದರೆ ಕೊಟ್ಟೂರಿಗೆ ಬಂದು ಇಳಿದಾಗ ಪ್ರತಿ ಸಲ ಆ ಮಣ್ಣಿನ ದಿಬ್ಬ ಕಣ್ಣಿಗೆ ಬೀಳುತ್ತಿತ್ತು. ಇಂಜಿನ್ನು ಬಿಚ್ಚಿಕೊಂಡು, ನೀರು ಕುಡಿದು, ಮುಖ ತಿರುಗಿಸಿಕೊಂಡು ಬಂದ ದಾರಿಯಲ್ಲೇ ಹೊರಡುವುದು. ನಾನು ಕೂಡ ಹಾಗೆಯೇ ಮಾಡಿದೆ. ಹಬ್ಬಕ್ಕೆ ಊರಿಗೆ ಹೋದರೂ ಅಪ್ಪ ನನ್ನ ಜೊತೆ ಮಾತಾಡಲಿಲ್ಲ, ನಾನೂ ಮಾತಾಡಿಸಲಿಲ್ಲ. ಬಟ್ಟೆ ಆ ಕಲ್ಲಿನ ಮೇಲೆ ಒಗೆಯುವುದನ್ನು ಬಿಟ್ಟೆ, ಬಕೆಟ್ಟಿನಲ್ಲಿ ಕಿವುಚಿ ಹಾಕುತ್ತಿದ್ದೆ. ಅವ್ವ ನೋಡಿಯೂ ನೋಡದ ಹಾಗೆ ಇರುತ್ತಿದ್ದಳು.

ಎಂಬತ್ತರ ದಶಕದ ಆರಂಭದಲ್ಲಿ ನಾನು ಪದವಿ ಪಾಸಾದೆ. ನಮ್ಮ ಮನೆತನಕ್ಕೆ ಮೊದಲ ಪದವಿ, ಇದನ್ನು ಬರೆಯುವಾಗ ಈಗಲೂ ಬೆನ್ನು ನೆಟ್ಟಗಾಗುತ್ತದೆ. ಅತ್ತಿ ಮಿಲ್ಲಿನ ಹೆಂಗಸರಿಗೆಲ್ಲ ಬೆಲ್ಲ ಹಂಚಿದಳು. "ಹೋಗಿ ನಿಮ್ಮಪ್ಪಗ ಮಾರಿ ತೋರಿಸಿ ಬಾ" ಎಂದು ಬಸ್ಸು ಹತ್ತಿಸಿದಳು.

ಹರಪನಹಳ್ಳಿಯಲ್ಲಿ ಇಳಿದಾಗ ಅಪ್ಪ ಕೊಟ್ಟೂರಿಗೆ ಹೊರಡುವ ಇನ್ನೊಂದು ಬಸ್ಸಿನ ಹತ್ತಿರ ನಿಂತು ಯಾರೋ ಪರವೂರ ಮನುಷ್ಯನ ಜೊತೆ ಮಾತಾಡುತ್ತಿದ್ದ. ಕೂದಲು ಅರ್ಧ ಬೆಳ್ಳಗಾಗಿತ್ತು. ನನ್ನನ್ನು ಕಂಡವನೇ ಕೈ ಮಾಡಿ ಕರೆದ, ಇಷ್ಟು ವರ್ಷ ನಡುವೆ ಏನೂ ಆಗಿಯೇ ಇಲ್ಲವೆನ್ನುವ ಹಾಗೆ. ಸುದ್ದಿ ಆಗಲೇ ಮುಟ್ಟಿತ್ತು. ನಾನು ಹತ್ತಿರ ಹೋದೆ. ಏನಾದರೂ ಒಂದು ಮಾತು ಹೇಳುತ್ತಾನೆಂದು ನಿಂತೆ.

"ನನ್ನ ಮಗಳ್ರಿ" ಎಂದ ಅವನು, ನನಗಲ್ಲ, ಆ ಮನುಷ್ಯನಿಗೆ. "ಬಿ.ಎಸ್ಸಿ. ಮಾಡ್ಯಾಳ. ಹತ್ತನೇತ್ತ ಪಾಸಾದ ದಿವಸನ ನಾ ಹೇಳಿಬಿಟ್ಟಿದ್ದೆ, ನಿನ್ನ ಹೊಸಪೇಟಿಗೆ ಕಳಸ್ತೀನಿ, ರೈಲಿನ್ಯಾಗ ಕಿಟಕಿ ಸೀಟಿಗೆ ಕುಂದ್ರಿಸಿ ಕಳಸ್ತೀನಿ ಅಂತ. ಕಳಿಸಿ ಓದಿಸಿದೆ. ಮಾತಂದ್ರ ಮಾತು."

ಅವನು ಸುಳ್ಳು ಹೇಳುತ್ತಿರಲಿಲ್ಲ. ಅದೇ ನನಗೆ ತಡೆಯಲಾಗದ್ದು. ಮುಖದಲ್ಲಿ ಒಂದಿಷ್ಟೂ ಅಳುಕಿರಲಿಲ್ಲ. ದಿನಾ ಆ ಸ್ಟ್ಯಾಂಡಿನಲ್ಲಿ ನಿಂತು ಅವರಿವರಿಗೆ ಹೇಳಿ ಹೇಳಿ, ಹಾಗೆಯೇ ಆಯಿತೆಂದು ಅವನೇ ನಂಬಿಬಿಟ್ಟಿದ್ದ. ಮೊದಲ ಸಲ ನನಗೆ ಕೊಡಬೇಕಾದ್ದನ್ನು ಕೊಡದೆ ಉಳಿಸಿಕೊಂಡ. ನಾನು ಅತ್ತಿಯ ಒಲೆಯ ಮುಂದೆ ಕೂತು, ಹಾಸ್ಟೆಲ್ಲಿನ ಅನ್ನ ತಿಂದು ಸಂಪಾದಿಸಿದ್ದನ್ನು ಈಗ ಎತ್ತಿ ತನ್ನ ಬಸ್ಸಿನ ಮೇಲೆ ಹಾಕಿಕೊಂಡಿದ್ದ, ಆ ಕಲ್ಲಿನ ಹಾಗೆ.

ಪರವೂರ ಮನುಷ್ಯ ನನ್ನನ್ನು ಮೆಚ್ಚಿಗೆಯಿಂದ ನೋಡಿದ. "ಚಲೋ ಆತವ್ವ. ರೈಲಿನ್ಯಾಗ ಹೋಗಿ ಓದಿದಿಯೇನು?"

"ಹೌದ್ರಿ. ರೈಲಿನ್ಯಾಗ."

ಅವನು ಸುತ್ತ ಮುತ್ತ ನೋಡಿದ. "ಅಲ್ಲ, ನಿಮ್ಮೂರಿಗೆ ರೈಲು ಯಾವಾಗ ಬಂತು?"

ನಾನು ಅಪ್ಪನ ಮುಖ ನೋಡಿದೆ. ಅವನೂ ಒಂದು ಕ್ಷಣ ನನ್ನನ್ನು ನೋಡಿದ. ಆಮೇಲೆ ಬಸ್ಸಿನ ಕಡೆ ತಿರುಗಿ, ತಗಡನ್ನು ಅಂಗೈಯಿಂದ ಬಡಿಯುತ್ತಾ ಕೂಗತೊಡಗಿದ.

"ಕೊಟ್ಟೂರ್ ಕೊಟ್ಟೂರ್ ಕೊಟ್ಟೂರ್."